ಮದ್ದಿನ ಮಲ್ಲವ್ವನ ಕೈ

ಕುಬೇರ ಹಂಚಿನಮನಿ ಸತ್ತಾಗ ಜನ ಚಪ್ಪಾಳೆ ತಟ್ಟಿದರು. ಬರೀ ಚಪ್ಪಾಳೆಯಲ್ಲ, ಸಿಳ್ಳೆ ಹಾಕಿದರು, ‘ಒನ್ಸ್ ಮೋರ್’ ಎಂದು ಗಂಟಲು ಹರಿಯುವಂತೆ ಕೂಗಿದರು. ಅಷ್ಟಕ್ಕೇ ಅವರನ್ನು ಕಟುಕರು ಅಂದುಬಿಡಬೇಡಿ. ಅವರೆಲ್ಲ ಒಳ್ಳೆಯ ಜನವೇ. ಹುಲಿಗುಡ್ಡದ ಕೋಟೆಯ ರಿವಾಜೇ ಹಾಗಿತ್ತು.

ಕೋಟೆ ಎಂದರೆ ನಿಜವಾದ ಕೋಟೆಯಲ್ಲ. ಹುಬ್ಬಳ್ಳಿಯ ಅಂಚಿನಲ್ಲಿ ಬಾಗಿಲು ಹಾಕಿದ್ದ ಹತ್ತಿ ಗಿರಣಿಯೊಂದನ್ನು ಪರಶುರಾಮ ಮೆಹರವಾಡೆ ಎಂಬಾತ ಕೊಂಡು, ಒಳಗೆ ಬುರುಜು, ಅಗಸಿ ಬಾಗಿಲು, ವಾಡೆ, ಸಂತೆ ಬೀದಿ ಎಲ್ಲ ಕಟ್ಟಿಸಿ, ಪಾತ್ರ ಹಾಕಿ ಆಡುವ ಆಟವೊಂದನ್ನು ಶುರು ಮಾಡಿದ್ದ. ವಾರವಿಡೀ ಬ್ಯಾಂಕಿನಲ್ಲೋ ಬಟ್ಟೆ ಅಂಗಡಿಯಲ್ಲೋ ಜೀವ ತೇಯ್ದವರು ರವಿವಾರ ಇಲ್ಲಿಗೆ ಬಂದು, ರಬ್ಬರಿನ ಕತ್ತಿ ಹಿಡಿದು, ದಳವಾಯಿ, ದೇಸಾಯಿ, ದರೋಡೆಕೋರರು ಆಗುತ್ತಿದ್ದರು. ಅವರ ಜೊತೆ ಆಡಲು ರೋಬೋ ಪಾತ್ರಗಳಿದ್ದವು. ಕಾವಲಿನವ, ಸುಂಕದವ, ಹೂವಾಡಗಿತ್ತಿ, ಹೀಗೆ. ನೀವು ಕಥೆಯನ್ನು ಎತ್ತ ಎಳೆದರೂ ಅತ್ತ ಹೊರಳಿ ಮಾತಾಡುವಷ್ಟು ಬುದ್ಧಿ ಅವಕ್ಕಿತ್ತು. ಮಾತೆಲ್ಲ ಕಂಪನಿ ನಾಟಕದ ಧಾಟಿ. ‘ಎಲೈ ವೀರನೇ’, ‘ಛೀ ದುರುಳಾ’ ಎಂಬಂಥದ್ದು.

ಅಲ್ಲಿ ಎರಡು ಕಟ್ಟಳೆಗಳಿದ್ದವು. ಅಗಸಿ ದಾಟಿದ ಮೇಲೆ ಯಾರೂ ಯಾರನ್ನೂ ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಬಾರದು. ಹಾಗೆ ಕರೆದರೆಂದರೆ ಹೊರಗಿನಿಂದ ಏನೋ ಜರೂರು ಸುದ್ದಿ ಬಂದಿದೆ ಎಂದೇ ಅರ್ಥ. ಕರೆಸಿಕೊಂಡವರು ಆಟ ಬಿಟ್ಟು ‘ಓ’ ಅನ್ನಲೇಬೇಕು. ಇನ್ನೊಂದು, ಚೆಂದವಾಗಿ ಸತ್ತವರಿಗೆ ಒನ್ಸ್ ಮೋರ್. ಕಂಪನಿ ನಾಟಕದ ಕಾಲದ ಹುಚ್ಚು ಈ ಸೀಮೆಯ ಜನರ ರಕ್ತದಲ್ಲೇ ಇದೆ. ಕೂಗು ಬಿದ್ದರೆ ಸತ್ತವರು ಎದ್ದು, ಇನ್ನೊಮ್ಮೆ ಕತ್ತಿ ತಿವಿಸಿಕೊಂಡು, ಮೊದಲಿಗಿಂತ ಚೆನ್ನಾಗಿ ಸಾಯಬೇಕು.

ಆಮೇಲೆ ಮದ್ದಿನ ಮಲ್ಲವ್ವ ಬರುತ್ತಾಳೆ. ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟ ರೋಬೋ ಅವಳು. ಬಿದ್ದವರ ಬಾಯಿಗೆ ಪುದೀನ ಹಾಕಿದ ಸಕ್ಕರೆ ನೀರು ಬಿಟ್ಟು, ಎದೆಯ ಮೇಲೆ ಕೈಯಿಟ್ಟು ಮೆತ್ತಗೆ ಮೂರು ಸಲ ಒತ್ತುತ್ತಾಳೆ. ಸತ್ತವರು ಜಿಗಿದೆದ್ದು ಮತ್ತೆ ಕಾಳಗಕ್ಕೆ ಹೋಗುತ್ತಾರೆ. ಇಡೀ ಕೋಟೆಯಲ್ಲಿ ಜನಕ್ಕೆ ಹೆಚ್ಚು ಇಷ್ಟವಾದ ಪಾತ್ರ ಅವಳದೇ.

ಕುಬೇರನ ಹೃದಯ ಅವತ್ತು ನಿಜವಾಗಿಯೇ ನಿಂತಿತ್ತು. ದೇಸಾಯಿಯ ವೇಷದಲ್ಲಿ ಅಗಸಿಯ ಮುಂದೆ ಅವನು ಕುಸಿದು ಬಿದ್ದದ್ದು ಎಷ್ಟು ಸಹಜವಾಗಿತ್ತೆಂದರೆ, ಇಂಥ ಸಾವು ಈ ಕೋಟೆಯಲ್ಲಿ ಯಾರೂ ಸತ್ತಿಲ್ಲ ಎಂದು ಜನ ಹುಚ್ಚೆದ್ದು ಕೂಗಿದರು. ಅವನು ಏಳಲಿಲ್ಲ. ಮಲ್ಲವ್ವ ಬಂದು ನೀರು ಬಿಟ್ಟು ಮೂರು ಸಲ ಒತ್ತಿದಳು. ಆಗಲೂ ಏಳಲಿಲ್ಲ. ‘ಮಗಾ ಜಿಗುಟು ಬಿದ್ದಾನ’ ಎಂದು ಯಾರೋ ನಕ್ಕರು. ಮುಖ ನೀಲಿಯಾಗಿದ್ದನ್ನು ಮೊದಲು ಕಂಡವನು ಅವನ ಗೆಳೆಯ ಸಂಗಪ್ಪ ಬೆಟಗೇರಿ. ಕತ್ತಿ ಬಿಸಾಡಿ ಓಡಿಬಂದು ಮಂಡಿಯೂರಿದ ಅವನು, ತನಗೆ ಗೊತ್ತಿದ್ದದ್ದನ್ನು ಮಾಡಿದ. ಬಾಯಿಗೆ ನೀರು ಬಿಟ್ಟ. ಎದೆಯನ್ನು ಮೆತ್ತಗೆ ಮೂರು ಸಲ ಒತ್ತಿದ. ಏಳಲಿ ಎಂದು ಕಾದ.

ಆಂಬುಲೆನ್ಸ್ ಬಂದಾಗ ಕಾಲ ಮೀರಿತ್ತು.

ಆಟ ಬಂದ್ ಆಯಿತು. ಕೆಲವು ದಿನಗಳ ಮೇಲೆ ಸಂಗಪ್ಪ ಕೋಟೆಯ ಕಂಟ್ರೋಲ್ ರೂಮಿಗೆ ಬಂದ. ಅಲ್ಲಿ ಕೂತಿದ್ದವಳು ಶಾಂಭವಿ ಅಂಗಡಿ, ರೋಬೋಗಳ ಕೈಕಾಲಿಗೆ ಚಲನೆ ಕಲಿಸುವ ಇಂಜಿನಿಯರು. ಅವಳ ಎದುರಿನ ಪರದೆಗಳೆಲ್ಲ ಆರಿದ್ದವು. ಬಾಗಿಲ ಹತ್ತಿರವೇ ನಿಂತು ಸಂಗಪ್ಪ ಕೇಳಿದ:

“ಮೇಡಮ್ಮಾರ, ಒಂದ ಮಾತ ಕೇಳಿ ಹೋಗ್ತೀನ್ರಿ. ನಾ ಮಾಡಿದ್ದು ಬರೋಬ್ಬರಿ ಇತ್ತಲ್ರಿ? ಮಲ್ಲವ್ವ ಮಾಡತಾಳಲ್ರಿ, ಹಂಗ ಮಾಡೇನಿ. ಏನೂ ಹೆಚ್ಚು ಕಡಿಮಿ ಆಗಿಲ್ಲಲ್ರಿ?”

ಶಾಂಭವಿ ‘ಹೌದು, ಬರೋಬ್ಬರಿ ಇತ್ತು’ ಎಂದು ಸುಳ್ಳು ಹೇಳಿ ಕಳಿಸಿದಳು. ಆ ಮೂರು ಮೆತ್ತನೆಯ ಒತ್ತು ಯಾವ ವೈದ್ಯರೂ ಹೇಳಿಕೊಟ್ಟದ್ದಲ್ಲ. ನೋಡಲಿಕ್ಕೆ ಚೆಂದ, ಯಾರಿಗೂ ನೋವಾಗುವುದಿಲ್ಲ ಎಂದು ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ್ದು. ಎರಡು ವರ್ಷದಿಂದ ಸಾವಿರಾರು ಜನ ಅದನ್ನು ನೋಡುತ್ತ ನೋಡುತ್ತ, ಪ್ರಾಣ ಉಳಿಸುವುದೆಂದರೆ ಇದೇ ಎಂದುಕೊಂಡಿದ್ದರು.

ಮೆಹರವಾಡೆ ಬೇರೆ ತೀರ್ಮಾನಕ್ಕೆ ಬಂದಿದ್ದ. ಕೆಟ್ಟ ಮನುಷ್ಯನಲ್ಲ ಅವನು. ಕುಬೇರನ ಮಣ್ಣಿಗೆ ಹೋಗಿ ಎಲ್ಲರಿಗಿಂತ ಹೆಚ್ಚು ಅತ್ತಿದ್ದ. ಆದರೆ ಅವನ ಪಕ್ಕದಲ್ಲಿ ಈಗ ಸದಾ ವಕೀಲ ದೀಕ್ಷಿತರು ಇರುತ್ತಿದ್ದರು.

“ಮಲ್ಲವ್ವನ್ನ ತಗದ ಹಾಕೋಣ್ರಿ,” ಎಂದ ಮೆಹರವಾಡೆ. “ಇನ್ನ ಮ್ಯಾಲೆ ಯಾ ರೋಬೋನೂ ಮನಷ್ಯಾರನ್ನ ಮುಟ್ಟೂದ ಬ್ಯಾಡ. ಆಟ ಆಟಾನ ಇರ್ಲಿ.”

“ತಗೀಬ್ಯಾಡ್ರಿ ಸರ್,” ಎಂದಳು ಶಾಂಭವಿ. “ಖರೇ ಸಿಪಿಆರ್ ಕಲಸೋಣು ಆಕಿಗೆ. ಅಂಗಳದಾಗ ಯಾರರ ಬಿದ್ರ ಎಲ್ಲಾರಕಿಂತ ಮೊದಲ ಅಲ್ಲಿಗೆ ಹೋಗಾಕಿ ಆಕಿನ. ಹೋಗಿ ಸುಮ್ನ ನಿಂದರಬೇಕೇನು?”

ದೀಕ್ಷಿತರು ಕನ್ನಡಕ ಒರೆಸಿಕೊಂಡರು. “ನೋಡ್ರಿ ತಂಗಿ, ಮಷೀನು ಮುಟ್ಟದಿದ್ರ ದೇವರು ಕರಕೊಂಡ ಅಂತಾರ. ಮುಟ್ಟಿದ್ರ ನೀವು ಕೊಂದ್ರಿ ಅಂತಾರ. ನಾಟಕ ಮಾಡಿ ಬಿದ್ದವನ ಎದಿ ಮ್ಯಾಲೆ ಕುಂತು ಎಲುಬು ಮುರಿದ್ರ ಕೋರ್ಟಿನ್ಯಾಗ ಏನ್ ಹೇಳೋಣು?”

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎಂದು ಹೇಳುವಂತಿಲ್ಲ. ಬೇರೆಡೆ ಬಿದ್ದವರು ಬಿದ್ದವರೇ. ಇಲ್ಲಿ ಬೀಳುವುದೇ ಆಟ. ಶಾಂಭವಿ ತಿಂಗಳೊಪ್ಪತ್ತು ಕಾಲಾವಕಾಶ ಕೇಳಿದಳು. ಒಂದು ಪರೀಕ್ಷೆ ಮಾಡಿ ತೋರಿಸುತ್ತೇನೆ, ಸೋತರೆ ನಾನೇ ಮಲ್ಲವ್ವನ ಕೈ ಬಿಚ್ಚಿಡುತ್ತೇನೆ ಎಂದಳು. ಮೆಹರವಾಡೆ ಒಲ್ಲದ ಮನಸ್ಸಿನಿಂದ ಹೂಂ ಎಂದ.

ಅವಳ ಹಟಕ್ಕೆ ಇನ್ನೊಂದು ಕಾರಣ ಮನೆಯಲ್ಲೇ ಇತ್ತು. ಅವಳ ಅತ್ತೆ ಕಸ್ತೂರಿ ಅಂಗಡಿ ಹೈಸ್ಕೂಲಿನ ನಿವೃತ್ತ ಪಿ.ಟಿ. ಟೀಚರು. ಊರೆಲ್ಲ ‘ಅಂಗಡಿ ಅಕ್ಕೋರು’ ಎಂದೇ ಕರೆಯುತ್ತಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರು ಮೆತ್ತಗೆ ನಡೆದಾಡಿಕೊಂಡಿರಿ ಎಂದಿದ್ದರು. ಅಕ್ಕೋರು ನಡೆದಾಡುತ್ತ ನೇರ ಹುಲಿಗುಡ್ಡದ ಕೋಟೆಗೆ ಹೋಗಿ ದಳವಾಯಿ ರುದ್ರಾಂಬೆಯ ಪಾತ್ರ ಹಾಕಿಬಿಟ್ಟರು. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದ ಹೆಂಗಸು ರವಿವಾರ ಬಂತೆಂದರೆ ನಸುಕಿಗೇ ಎದ್ದು ಎದೆಕವಚ ತಿಕ್ಕುತ್ತ ಕೂರುತ್ತಿದ್ದರು. ಆಟ ಬಂದ್ ಆದ ಮೇಲೆ ಮತ್ತೆ ಮಂಕು ಕವಿದಿತ್ತು. ಅತ್ತೆ ಕೋಟೆಗೆ ಹೋಗದಿದ್ದರೆ ಮನೆಯಲ್ಲಿ ಕೊರಗಿ ಸಾಯುತ್ತಾರೆ, ಹೋದರೆ ಕುಬೇರನ ಹಾಗೆ ಸಾಯಬಹುದು. ಎರಡೂ ಆಗಬಾರದು ಎಂದು ಶಾಂಭವಿ ಪಣ ತೊಟ್ಟಂತಿದ್ದಳು.

“ಏನ ಕಲಸ್ತಿ ಮಲ್ಲವ್ವಗ?” ಎಂದು ಊಟದ ಹೊತ್ತಿಗೆ ಅತ್ತೆ ಕೇಳಿದರು.

“ಸತ್ತವರಿಗೂ ಸತ್ತಂಗ ಮಾಡವರಿಗೂ ಫರಕ್ ತಿಳಿಯೂದು ಕಲಸಬೇಕ್ರಿ ಅತ್ತಿ.”

“ಹಂಗಾರ ನನಗೂ ಕಲಸು. ನಿನ್ನ ಗಂಡ ರವಿವಾರ ಹತ್ತ ಗಂಟೆತನ ಮಲಗಿರ್ತಾನ, ಒಮ್ಮೊಮ್ಮೆ ನನಗ ಫರಕ್ ತಿಳಿಯಂಗಿಲ್ಲ.”

ಗಂಡ ಮಹಾಂತೇಶ ರೊಟ್ಟಿ ಮುರಿಯುತ್ತ ನಕ್ಕ. ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತ್ತು.

ಶಾಂಭವಿ ಗುರುವಾಗಿ ಹುಡುಕಿಕೊಂಡದ್ದು ಡಾಕ್ಟರ್ ನಫೀಸಾ ಮುಲ್ಲಾ ಎಂಬಾಕೆಯನ್ನು. ತುರ್ತು ಚಿಕಿತ್ಸೆಯಲ್ಲೇ ಕೂದಲು ನೆರೆದ ಗಟ್ಟಿ ಹೆಂಗಸು. ಮಲ್ಲವ್ವನ ಹಳೆಯ ಮೂರು ಒತ್ತುಗಳನ್ನು ನೋಡಿ, “ಇದೇನು ಪಾಪೂನ್ನ ಮಲಗಸಾಕತ್ತಾಳೇನು?” ಎಂದು ಕೇಳಿದಳು. ಆಮೇಲೆ ರಬ್ಬರಿನ ಗೊಂಬೆಯ ಮೇಲೆ ತಾನೇ ಒತ್ತಿ ತೋರಿಸಿದಳು. ಎದೆಯ ನಡು ಎಲುಬು ಎರಡು ಇಂಚು ಒಳಗೆ ಹೋಗಬೇಕು, ಪೂರ್ತಿ ಮೇಲೆ ಬರಬೇಕು, ಸೆಕೆಂಡಿಗೆ ಎರಡರ ಹತ್ತಿರ ಬೀಳಬೇಕು, ನಡುವೆ ನಿಲ್ಲಬಾರದು. ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಕೈ ಮಾಡಬೇಕು, ಅಷ್ಟೇ ವಿಷಯ. ಅದನ್ನು ಮಾಡಲು ಸಣ್ಣ ಶಕ್ತಿ ಸಾಲದು.

“ಎಲುಬು?” ಎಂದಳು ಶಾಂಭವಿ.

“ಮುರೀತಾವು. ವಯಸ್ಸಾದವರಿಗಂತೂ ಮುರದ ಮುರೀತಾವು. ಮುರೀತಂತ ನಿಂದ್ರಬಾರ್ದು.”

ಒತ್ತುವುದನ್ನು ಕಲಿಸುವುದು ಸುಲಭವಾಯಿತು. ಮಲ್ಲವ್ವನ ತೋಳಿನಲ್ಲಿ ಬೇಕಾದಷ್ಟು ಬಲವಿತ್ತು. ಎಷ್ಟು ಆಳ ಹೋಯಿತೆಂದು ಪರದೆಯ ಮೇಲೆ ಹಸಿರು ಗೆರೆಯೊಂದು ತೋರಿಸುತ್ತಿತ್ತು, ಅದು ಗಂಟೆಗಟ್ಟಲೆ ಒಂದೇ ಮಟ್ಟದಲ್ಲಿ ಓಡುತ್ತಿತ್ತು. ತ್ರಾಸು ಕೊಟ್ಟದ್ದು ನಿರ್ಧಾರ. ಯಾರ ಎದೆ ಒತ್ತಬೇಕು, ಯಾರದ್ದು ಒತ್ತಬಾರದು? ಮಲ್ಲವ್ವನ ಬೆರಳ ತುದಿಗೆ ನಾಡಿಯ ಮಿಡಿತ ಹಿಡಿಯುವ ತೆಳ್ಳನೆಯ ಪೊರೆ ಅಂಟಿಸಿದರು, ಅಂಗೈಗೆ ಉಸಿರಿನ ಬಿಸಿ ತಿಳಿಯುವಂತೆ ಮಾಡಿದರು. ಆದರೆ ಹೃದಯ ನಿಂತ ಮನುಷ್ಯ ಕೂಡ ಕೆಲವೊಮ್ಮೆ ಬಾಯಿ ತೆರೆದು ಗಕ್ಕೆಂದು ಗಾಳಿ ಎಳೆಯುತ್ತಾನೆ. ಅದು ಉಸಿರಾಟವಲ್ಲ, ಜೀವ ಹೋಗುವ ಹೊತ್ತಿನ ಎಳೆತ. ಮಲ್ಲವ್ವ ಪದೇ ಪದೇ ಅದನ್ನು ಉಸಿರೆಂದೇ ತಿಳಿದು ಕೈ ಹಿಂದೆಗೆಯುತ್ತಿದ್ದಳು. ಮನುಷ್ಯರೂ ಇದರಲ್ಲೇ ಮೋಸ ಹೋಗುವುದು ಎಂದು ನಫೀಸಾ ಹೇಳಿದಳು. ಆ ಒಂದು ಪಾಠಕ್ಕೇ ವಾರ ಹಿಡಿಯಿತು.

ಕೊನೆಗೆ ಶಾಂಭವಿಗೆ ನೆರವಾದದ್ದು ಕೋಟೆಯದೇ ಕಟ್ಟಳೆ. ಮಲ್ಲವ್ವ ಮೊದಲು ಬಿದ್ದವರನ್ನು ಮನೆಯ ಹೆಸರಿನಿಂದ ಗಟ್ಟಿಯಾಗಿ ಕರೆಯಬೇಕು. ನಾಟಕ ಮಾಡುತ್ತಿರುವವರು ‘ಓ’ ಅನ್ನಲೇಬೇಕು. ಅನ್ನದಿದ್ದರೆ ಉಸಿರು, ಆಮೇಲೆ ಕುತ್ತಿಗೆಯ ನಾಡಿ. ಮೂರೂ ಇಲ್ಲದಿದ್ದರೆ ಎದೆಕವಚ ಬಿಚ್ಚಿ ಒತ್ತಬೇಕು. ಒತ್ತುವಾಗ ಮಲ್ಲವ್ವ ನಾಟಕದ ಕನ್ನಡ ಬಿಟ್ಟು, ಹುಬ್ಬಳ್ಳಿ ಮಂದಿಯ ಹಾಗೆ “ಆಂಬುಲೆನ್ಸ್ ಕರಸ್ರಿ, ಎದಿಗೆ ಕರೆಂಟ್ ಕೊಡೂ ಶಾಕ್ ಡಬ್ಬಿ ತರ್ರಿ” ಎಂದು ಚೀರಬೇಕು. ಹಾಗಾದರೆ ಆಟ ಮುಗಿಯಿತು ಎಂದು ಎಲ್ಲರಿಗೂ ಒಮ್ಮೆಗೇ ತಿಳಿಯುತ್ತದೆ. ಸಕ್ಕರೆ ನೀರು ಆಟಕ್ಕೆ ಉಳಿಯಲಿ, ಎದೆ ಮುಟ್ಟುವುದು ಮಾತ್ರ ಇನ್ನೆಂದೂ ಆಟದಲ್ಲಿ ಬರಬಾರದು ಎಂದು ಶಾಂಭವಿ ಗೆರೆ ಎಳೆದಳು.

ಪರೀಕ್ಷೆಯ ದಿನ ಮೆಹರವಾಡೆ, ದೀಕ್ಷಿತರು, ಹಳೆಯ ಆಟಗಾರರು ಒಂದಿಷ್ಟು ಜನ ಅಂಗಳದಲ್ಲಿ ನೆರೆದರು. ಮೊದಲು ಒಬ್ಬರು ಸತ್ತಂತೆ ನಟಿಸಬೇಕು, ಮಲ್ಲವ್ವ ಅವರ ಎದೆಗೆ ಕೈ ಹಚ್ಚಬಾರದು. ಆಮೇಲೆ ರಬ್ಬರಿನ ಗೊಂಬೆ. ನಟಿಸಲು ಯಾರು ಎಂದರೆ ಅಂಗಡಿ ಅಕ್ಕೋರು ಆಗಲೇ ಕವಚ ತೊಟ್ಟು ನಿಂತಿದ್ದರು.

“ಅತ್ತೀ, ನೀವು ಬ್ಯಾಡ್ರಿ. ಬ್ಯಾರೆ ಯಾರರ ಮಾಡ್ಲಿ.”

“ಸತ್ತು ಬಿದ್ದಿರಾಕ ಏನ್ ತ್ರಾಸು? ಸುಮ್ನ ಮಲಗೂದಲ್ಲ?”

ಶಾಂಭವಿ ಮೇಲಿನ ಕಂಟ್ರೋಲ್ ರೂಮಿಗೆ ಹೋದಳು. ಕೆಳಗೆ ದಳವಾಯಿ ರುದ್ರಾಂಬೆ ಎದೆಗೆ ಈಟಿ ತಾಗಿಸಿಕೊಂಡು, ವಾಡೆಯ ಮೆಟ್ಟಿಲ ಮೇಲೆ ಒಂದು ಸುತ್ತು ತಿರುಗಿ, ಕೋಟೆಯನ್ನು ಕೊನೆಯ ಬಾರಿ ಕಣ್ತುಂಬ ನೋಡಿ ಬಿದ್ದಳು. ಯಾರೂ ಕೂಗಬಾರದು ಎಂದು ಮೊದಲೇ ಹೇಳಿದ್ದರೂ ಹಿಂದಿನಿಂದ ಒಂದು ದನಿ ತಡೆಯಲಾರದೆ ‘ಒನ್ಸ್ ಮೋರ್’ ಎಂದೇಬಿಟ್ಟಿತು. ಮಲ್ಲವ್ವ ಬಂದಳು. “ಕಸ್ತೂರೀ,” ಎಂದು ಕರೆದಳು. “ಕಸ್ತೂರೀ! ಕೇಳಸ್ತದೇನು?”

ಅಕ್ಕೋರು ‘ಓ’ ಅನ್ನಲಿಲ್ಲ.

ಮಲ್ಲವ್ವ ಮೂಗಿಗೆ ಅಂಗೈ ಹಿಡಿದಳು. ಮೂವತ್ತು ವರ್ಷ ಹುಡುಗಿಯರಿಗೆ ಪ್ರಾಣಾಯಾಮ ಕಲಿಸಿದ ಎದೆ ಅದು, ಉಸಿರು ಬಿಗಿಹಿಡಿದು ಕಲ್ಲಿನಂತಿತ್ತು. ಕುತ್ತಿಗೆಗೆ ಬೆರಳಿಟ್ಟಳು. ಅಲ್ಲಿ ದಳವಾಯಿಯ ಕಬ್ಬಿಣದ ಬಲೆಯ ಕೊರಳಪಟ್ಟಿ ಇತ್ತು. ಬೆರಳು ಬಲೆಯ ಮೇಲೆಯೇ ಕೂತಿತು, ನಾಡಿ ಸಿಗಲಿಲ್ಲ. ಪರದೆಯ ಮೇಲೆ ಒಂದೊಂದೇ ದೀಪ ಕೆಂಪಾಗುವುದನ್ನು ಶಾಂಭವಿ ನೋಡಿದಳು. ಅವಳ ಬೆರಳು ಮಲ್ಲವ್ವನನ್ನು ನಿಲ್ಲಿಸುವ ಗುಂಡಿಯ ಮೇಲೆಯೇ ಇತ್ತು. ಅತ್ತೆ ಈಗ ಏಳುತ್ತಾರೆ ಎಂದು ಅವಳು ಕಾದಳು. ಮಲ್ಲವ್ವ ಈಗ ನಿಲ್ಲುತ್ತಾಳೆ ಎಂದು ಕೆಳಗೆ ಅತ್ತೆ ಕಾದರು. ಇಬ್ಬರೂ ಕಾಯುತ್ತಿರುವಾಗ ಕವಚದ ಬಕ್ಕಲು ಬಿಚ್ಚಿಕೊಂಡಿತು, ಮಲ್ಲವ್ವನ ಎರಡೂ ಅಂಗೈ ಕೆಳಗಿಳಿದವು, ಟಕ್ಕೆಂದು ಸದ್ದಾಯಿತು.

“ಅಯ್ಯಯ್ಯೋ!” ಎಂದು ಚೀರಿದ ರುದ್ರಾಂಬೆ ಮಲ್ಲವ್ವನ ಕೆನ್ನೆಗೆ ಛಟೀರನೆ ಬಾರಿಸಿದಳು. ಮಲ್ಲವ್ವ ತಕ್ಷಣ ಕೈತೆಗೆದು, “ನಿಮಗೆ ಪ್ರಜ್ಞೆ ಬಂದೈತಿ, ಚೊಲೊ ಆತು,” ಎಂದಳು. ಯಾರೂ ನಗಲಿಲ್ಲ.

ಒಂದು ಎಲುಬು ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಜಗಲಿಯಲ್ಲಿ ದೀಕ್ಷಿತರು ಮೆಹರವಾಡೆಯ ಮುಖ ನೋಡಿದರು. “ಮುಗೀತ್ರಿ ಶಾಂಭವಿಯವ್ರ,” ಎಂದ ಮೆಹರವಾಡೆ. “ನಿಮ್ಮತ್ತಿ ಆಗಿದ್ದಕ್ಕ ಉಳಕೊಂಡ್ವಿ. ಮುಂದಿನ ತಿಂಗಳ ಆಟ ಚಾಲೂ ಮಾಡ್ತೀನಿ, ಮಲ್ಲವ್ವ ಇರಂಗಿಲ್ಲ.”

ಮನೆಯಲ್ಲಿ ಮಹಾಂತೇಶ ಕೆಂಡವಾಗಿದ್ದ. ಅವನ ಸಿಟ್ಟು ಹೆಂಡತಿಯ ಮೇಲೋ, ಮಷೀನಿನ ಮೇಲೋ ಅವನಿಗೇ ಸ್ಪಷ್ಟವಿರಲಿಲ್ಲ. ಅತ್ತೆಯ ಹಾಸಿಗೆ ಪಕ್ಕ ತಲೆ ತಗ್ಗಿಸಿ ಕೂತ ಶಾಂಭವಿಗೆ ಅಳು ಉಕ್ಕಿ ಬಂತು.

“ನೀ ಯಾಕ ಅಳ್ತಿ? ತಪ್ಪು ಆಕಿದಲ್ಲ, ನಿಂದೂ ಅಲ್ಲ. ಕರದಾಗ ನಾ ಓ ಅನ್ನಬೇಕಿತ್ತು,” ಎಂದರು ಅತ್ತೆ.

“ಮತ್ಯಾಕ ಅನ್ನಲಿಲ್ರಿ?”

“ಎಲ್ಲಾರೂ ನೋಡಾಕತ್ತಿದ್ರು. ಭಾಳ ಚೊಲೊ ಸಾಯಾಕತ್ತಿದ್ದೆ.”

ಅಕ್ಕೋರು ನಗಲಿಕ್ಕೆ ಹೋಗಿ ಎದೆ ಹಿಡಿದುಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: “ಅರ್ಧಕ್ಕ ಬಿಡಬ್ಯಾಡ. ಎಲುಬು ಕೂಡ್ತದ. ಕುಬೇರ ಹೊಳ್ಳಿ ಬರ್ತಾನೇನು?”

ಶಾಂಭವಿ ಬಿಡಲಿಲ್ಲ. ಮಾಲಕ ಬೇಡವೆಂದ ಕೆಲಸವನ್ನು ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿದಳು. ಮಲ್ಲವ್ವನ ಬೆರಳು ಕೊರಳಪಟ್ಟಿಯ ಕೆಳಗೆ ನುಸುಳುವುದನ್ನು ಕಲಿಯಿತು. ಪಟ್ಟಿ ಬಿಗಿಯಿದ್ದರೆ ತೊಡೆಸಂದಿಯಲ್ಲಿ ನಾಡಿ ಹುಡುಕಬೇಕೆಂದು ಕಲಿಯಿತು. ಕೈ ನಿಲ್ಲಿಸುವ ಗುಂಡಿಯನ್ನು ಬಿದ್ದವರ ಹತ್ತಿರ ನಿಂತ ಆಟಗಾರರೂ ಒತ್ತುವಂತೆ ಮಲ್ಲವ್ವನ ಬೆನ್ನ ಮೇಲೆ ಕೂರಿಸಿದಳು. ನಫೀಸಾ ತನ್ನ ರಜೆಯ ದಿನ ಬಂದು ಕೂತು ತಪ್ಪು ಹುಡುಕುತ್ತಿದ್ದಳು. ಆಟಗಾರರಿಗೂ ಕಲಿಸಬೇಕು ಎಂದು ಅವಳು ಹೇಳಿದ್ದಕ್ಕೆ ಶಾಂಭವಿ ಒಪ್ಪಿದಳು. ಒಂದು ಹಂತದಲ್ಲಿ ಅವಳಿಗೇ ಸಂಶಯ ಬಂತು. ಮನುಷ್ಯರು ಕಲಿತರೆ ಸಾಕಲ್ಲ, ರೋಬೋ ಯಾತಕ್ಕೆ? ಮೆಹರವಾಡೆ ಹೇಳುವುದರಲ್ಲೂ ಅರ್ಥವಿದೆಯೇ? ಈ ಸಂಶಯವನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ.

ಅದೊಂದು ಬೆಳಗ್ಗೆ ಅತ್ತೆ ನಡುಮನೆಯಲ್ಲಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದರು. ಎಲುಬಿನ ನೋವು ಹೆಚ್ಚುಕಡಿಮೆ ಇಳಿದಿತ್ತು. ಮಹಾಂತೇಶ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ. ಅತ್ತೆ ಏನೋ ಹೇಳಹೊರಟು, ಹೇಳದೆ, ಸೊಪ್ಪಿನ ಬುಟ್ಟಿಯ ಮೇಲೆ ವಾಲಿ ಪಕ್ಕಕ್ಕೆ ಹೊರಳಿಕೊಂಡರು.

ಅಡುಗೆಮನೆಯಿಂದ ಇಣುಕಿ ನೋಡಿದ ಮಹಾಂತೇಶ ನಕ್ಕ. “ಅವ್ವಾ, ಸಾಕ ಮಾಡು ನಾಟಕ. ಈ ಸಲ ಬರೋಬ್ಬರಿ ಬೀಳಲಿಲ್ಲ ನೀ.”

ಶಾಂಭವಿ ಆಗಲೇ ಮಂಡಿಯೂರಿದ್ದಳು. “ಅತ್ತೀ!” ಎಂದಳು. ಉತ್ತರವಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಂದ ಬಾರದ ಮಾತು ಆಗ ಬಂತು. “ಕಸ್ತೂರೀ! ಕಸ್ತೂರೀ!”

ಹೆಂಡತಿ ಅತ್ತೆಯ ಹೆಸರು ಹಿಡಿದು ಕೂಗುವುದು ಕೇಳಿ ಮಹಾಂತೇಶನ ಕೈಯ ಸೌಟು ಬಿತ್ತು. ಅವ್ವನ ಬಾಯಿ ತೆರೆದು ಗಕ್ಕೆಂದು ಗಾಳಿ ಎಳೆಯಿತು.

“ಉಸರಾಡಾಕತ್ತಾಳ! ನೋಡು, ಉಸರಾಡಾಕತ್ತಾಳ!”

“ಇಲ್ರೀ. ಅದು ಉಸರಲ್ಲ. ಆಂಬುಲೆನ್ಸಿಗೆ ಫೋನ್ ಹಚ್ರಿ. ಹಚ್ಚಿ ಇಲ್ಲಿ ಬರ್ರಿ.”

ಅವಳು ಅತ್ತೆಯನ್ನು ಅಂಗಾತ ಮಲಗಿಸಿ ಅಂಗೈ ಮೇಲೆ ಅಂಗೈ ಇಟ್ಟಳು. ರಬ್ಬರಿನ ಗೊಂಬೆಯ ಮೇಲೆ ನೂರಾರು ಸಲ ಇಟ್ಟ ಕೈಗಳೇ. ಆದರೆ ಕೆಳಗೆ ಈಗ ಬೆಚ್ಚಗಿನ ಸೀರೆ, ಮಾಂಗಲ್ಯ ತೆಗೆದ ಬೋಳು ಕೊರಳು, ಆಗತಾನೆ ಕೂಡಿಕೊಳ್ಳುತ್ತಿರುವ ಎಲುಬು. ಒತ್ತಿದಳು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಆ ಎಲುಬು ಮತ್ತೆ ಕೈ ಕೆಳಗೆ ಸಡಿಲಿದ್ದು ಅವಳಿಗೆ ತಿಳಿಯಿತು. ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ತೋಳು ನಡುಗತೊಡಗಿತು. ಬೆವರು ಕಣ್ಣಿಗಿಳಿಯಿತು. ತಾನು ಒತ್ತುತ್ತಿರುವುದು ಎರಡು ಇಂಚಿಲ್ಲ, ಒಂದೂವರೆಗೆ ಇಳಿದಿದೆ, ಒಂದಕ್ಕೆ ಇಳಿಯುತ್ತಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಇಷ್ಟು ದಿನ ಪರದೆಯ ಮೇಲಿನ ಆ ಹಸಿರು ಗೆರೆ ನೋಡಿದ ಕಣ್ಣಿಗೆ ಅದು ಮುಚ್ಚಿಡಲಾಗದ ಸತ್ಯ. “ನೀವು ಬರ್ರಿ, ನೀವು ಒತ್ರಿ,” ಎಂದು ಗಂಡನನ್ನು ಎಳೆದಳು. ಮಹಾಂತೇಶ ಕೈಗಳನ್ನು ಅವ್ವನ ಎದೆಯ ಮೇಲಿಟ್ಟ. ಮೆತ್ತಗೆ ಮೂರು ಸಲ ಒತ್ತಿ, ಅವಳ ಮುಖ ನೋಡಿದ. ಏಳಲಿ ಎಂದು ಕಾದ.

“ನಿಂದರಬ್ಯಾಡ್ರಿ! ಮುರೀಲಿ, ಒತ್ರಿ!”

“ನಮ್ಮವ್ವ, ಶಾಂಭವಿ...”

“ನಮ್ಮವ್ವ ಅಂತನ ಒತ್ರಿ! ಜೋರು! ಹಾ, ಹಂಗ. ನಾ ಎಣಸ್ತೀನಿ.”

ಅವನು ಅಳುತ್ತ ಒತ್ತಿದ. ಅವಳು ಎಣಿಸಿದಳು. ಮತ್ತೆ ಅವಳು, ಮತ್ತೆ ಅವನು. ಕೆಳಗೆ ಆಂಬುಲೆನ್ಸಿನ ಸದ್ದು ಕೇಳಿ, ಶಾಕ್ ಡಬ್ಬಿ ಹಿಡಿದ ಇಬ್ಬರು ಮೆಟ್ಟಿಲೇರಿ ಬರುವವರೆಗೆ ಹೀಗೆ ನಡೆಯಿತು. ಎರಡನೆಯ ಶಾಕಿಗೆ ಅಂಗಡಿ ಅಕ್ಕೋರ ಹೃದಯ ತನ್ನ ಕೆಲಸಕ್ಕೆ ಮರಳಿತು. ಶಾಂಭವಿ ಗೋಡೆಗೆ ಒರಗಿ ಕೂತು ತನ್ನ ಎರಡೂ ತೋಳುಗಳನ್ನು ನೋಡಿಕೊಂಡಳು. ಒಂದು ಲೋಟ ನೀರು ಎತ್ತುವ ಕಸುವೂ ಅವುಗಳಲ್ಲಿ ಉಳಿದಿರಲಿಲ್ಲ. ಇಷ್ಟು ದಿನ ಮನಸ್ಸಿನಲ್ಲಿದ್ದ ಸಂಶಯ ಅಲ್ಲಿಗೆ ಹರಿಯಿತು. ಜನ ಕಲಿಯಬೇಕು, ನಿಜ. ಆದರೆ ಜನ ದಣಿಯುತ್ತಾರೆ, ತಮ್ಮವರ ಎಲುಬು ಮುರಿಯಲು ಹೆದರುತ್ತಾರೆ. ದಣಿಯದ, ಹೆದರದ ಕೈಯೊಂದು ಪಕ್ಕದಲ್ಲೇ ಇದ್ದರೆ ಅದನ್ನು ಕಟ್ಟಿ ನಿಲ್ಲಿಸುವುದು ಪಾಪ.

ಎಲುಬಿನ ಹಳೆಯ ಬಿರುಕಿಗೂ ಇದಕ್ಕೂ ಸಂಬಂಧವಿಲ್ಲ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡದ್ದೇ ಕಾರಣ ಎಂದು ಹೃದಯದ ಡಾಕ್ಟರು ಹೇಳಿದರು. ಅಕ್ಕೋರು ಕಣ್ಣು ಬಿಟ್ಟ ಮೂರನೆಯ ದಿನಕ್ಕೆ ಮೆಹರವಾಡೆ ಮೋಸಂಬಿ ಚೀಲ ಹಿಡಿದು ವಾರ್ಡಿಗೆ ಬಂದ. ಸುದ್ದಿಯೆಲ್ಲ ಕೇಳಿದ್ದ. ಸ್ಟೂಲಿನ ತುದಿಯಲ್ಲಿ ಕೂತು, ಹೇಗಿದ್ದೀರಿ ಎಂದು ಕೇಳಲೂ ಅಳುಕಿದ. ಶಾಂಭವಿ ಪೀಠಿಕೆ ಹಾಕಲಿಲ್ಲ.

“ಸರ್, ಮಲ್ಲವ್ವನ ಕೈ ನಾ ಬಿಚ್ಚಂಗಿಲ್ರಿ. ನೀವು ಬಿಚ್ಚಸ್ರಿ ಬೇಕಂದ್ರ. ಆದ್ರ ನನ್ನ ಕೆಲಸದಿಂದ ತಗದ ಮ್ಯಾಲೆ ಬಿಚ್ಚಸ್ರಿ.”

“ಅಲ್ರೀ, ನನಗೇನ ಬ್ಯಾಡಾಗೇತೇನು?” ಮೆಹರವಾಡೆಯ ದನಿಯಲ್ಲಿ ಸಂಕಟವಿತ್ತು. “ನಾಳೆ ಮತ್ತ ಯಾರೋ ಓ ಅನ್ನಂಗಿಲ್ಲ. ಮತ್ತ ಎಲುಬು ಮುರೀತಾವು. ಅಂವ ಕೋರ್ಟಿಗೆ ಹೋದ್ರ ನಾ ಏನ್ ಮಾಡ್ಲಿ?”

ಹಾಸಿಗೆಯಲ್ಲಿ ಅಕ್ಕೋರು ಕೈ ಸನ್ನೆ ಮಾಡಿದರು. ಎದೆಗೆ ಪಟ್ಟಿ ಸುತ್ತಿದ್ದರಿಂದ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು. ಮೆಹರವಾಡೆ ಕಿವಿ ಹತ್ತಿರ ತಂದ.

“ಮೆಹರವಾಡೆಯವರ, ನನ್ನ ಸೊಸಿ ನಂದು ಮೂರು ಎಲುಬು ಮುರದಾಳ್ರಿ. ಮಗ ಎರಡು ಮುರದಾನ. ಆರಾಮಾದ ಮ್ಯಾಲೆ ಇಬ್ಬರ ಮ್ಯಾಲೂ ಕೋರ್ಟಿಗೆ ಹೋಗಾಕಿ ಅದೀನಿ.” ಉಸಿರು ಸಾಲದೆ ನಿಂತು, ಮತ್ತೆ ಹೇಳಿದರು. “ಹೋಗಾಕ ನಾ ಇದ್ದೀನಲ್ರಿ.”

ಮೆಹರವಾಡೆ ಆ ಮುಖ ನೋಡಿದ. ಕೋರ್ಟಿಗೆ ಹೋಗಲು ಕುಬೇರ ಉಳಿದಿರಲಿಲ್ಲ, ಅವನ ಮನೆಯವರು ಆ ಮಾತೇ ಎತ್ತಿರಲಿಲ್ಲ. ಆಮೇಲೆ ಅವನು ಎದ್ದು, ಕಣ್ಣೊರೆಸಿಕೊಂಡು, ಮೋಸಂಬಿ ಚೀಲವನ್ನು ಶಾಂಭವಿಯ ಕೈಗಿತ್ತ.

“ರವಿವಾರ ಅಗಸಿ ತಗೀತೀನ್ರಿ. ಮಲ್ಲವ್ವನ್ನ ಮುಂದ ನಿಂದರಸ್ರಿ,” ಎಂದ.